ಕೂಲಿಯೋ, ಪಾಲೋ

ಭಾನುವಾರ ಅಕ್ಕನ ಮನೇಲಿ ಊಟಕ್ಕೆ ಕೂತಿದ್ವಿ. ಶುಕ್ರವಾರ ತಾನೇ ಡಬ್ಲ್ಯುಎನ್‌ಬಿಎ, ಅಂದ್ರೆ ಅಮೆರಿಕದ ಹೆಂಗಸರ ಬ್ಯಾಸ್ಕೆಟ್‌ಬಾಲ್ ಲೀಗಿನ, 2025ರ ಫೈನಲ್ಸ್ ಮುಗಿದಿತ್ತು, ಲಾಸ್ ವೇಗಸ್ ಏಸಸ್ ಹುಡುಗೀರು ಫೀನಿಕ್ಸ್ ಮರ್ಕ್ಯುರಿನ 4-0 ಅಂತ ಗುಡಿಸಿ ಗುಂಡಾಂತರ ಮಾಡಿದ್ರು, ನಾನೂ ಮಗಳೂ ಅದನ್ನೇ ಮಾತಾಡ್ತಿದ್ವಿ. ಭಾವ ಹಪ್ಪಳ ಮುರೀತಾ ಮಧ್ಯೆ ಬಾಯಿ ಹಾಕಿದ್ರು. "ಅಲ್ಲಮ್ಮಾ, ಹುಟ್ಟಿದಾಗಿಂದ ನಷ್ಟದಲ್ಲೇ ನಡೀತಿರೋ ಲೀಗು, ಗಂಡಸರ ದುಡ್ಡಲ್ಲಿ ಉಸಿರಾಡ್ತಿದೆ, ಅದರಲ್ಲಿ ಆಡೋರು ಸಂಬಳ ಜಾಸ್ತಿ ಮಾಡಿ ಅಂತ ಟೀ ಶರ್ಟ್ ಹಾಕ್ಕೊಂಡು ನಿಂತ್ಕೊಂಡ್ರೆ ಹೆಂಗೆ?" ಅಕ್ಕ ಕಣ್ಣಲ್ಲೇ ಸುಮ್ನಿರೇ ಅಂದ್ಲು, ಸುಮ್ನಾದೆ. ಊಟ ಹಾಳಾಗೋದು ಬೇಡ ಅಂತ. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ, 2025ರ ಅಕ್ಟೋಬರ್‌ನಲ್ಲಿ, ಬರೀತಿದೀನಿ. ಭಾವ, ನೀವು ಓದ್ತೀರ ಅಂತ ಗೊತ್ತು, ಕಾಮೆಂಟಿಗೆ ಬನ್ನಿ.

ಟೀ ಶರ್ಟ್ ವಿಷ್ಯ ಗೊತ್ತಿಲ್ಲದವ್ರಿಗೆ: ಜುಲೈ 19ಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಆಲ್ ಸ್ಟಾರ್ ಮ್ಯಾಚ್ (ಲೀಗಿನ ಆಯ್ದ ಆಟಗಾರ್ತಿಯರ ಮ್ಯಾಚು) ಇತ್ತು, ಎರಡೂ ಟೀಮಿನವ್ರು ವಾರ್ಮ್ ಅಪ್‌ಗೆ ಕಪ್ಪು ಟೀ ಶರ್ಟ್ ಹಾಕ್ಕೊಂಡು ಬಂದ್ರು, ಎದೆ ಮೇಲೆ ಬರೆದಿದ್ದನ್ನ ನಮ್ಮ ಭಾಷೇಲಿ ಹೇಳೋದಾದ್ರೆ "ಬಾಕಿ ಚುಕ್ತಾ ಮಾಡಿ". ಮ್ಯಾಚ್ ಮುಗಿದ ಮೇಲೆ ಗ್ಯಾಲರೀಲಿದ್ದ ಜನಾನೂ ಅವ್ರಿಗೆ ಕೊಡ್ರೀ ಅಂತ ಕೂಗಿದ್ರು. ಆಮೇಲೆ ಶುರುವಾಯ್ತು ನೋಡಿ, ಎನ್‌ಬಿಎ ಅನ್ನೋ ಗಂಡಸರ ಲೀಗಿನ ದೊಡ್ಡ ಸ್ಟಾರ್ ಸ್ಟೆಫ್ ಕರಿ ಸಂಬಳ ಬೇಕಂತೆ ಇವ್ರಿಗೆ, ಎಗರಿ ಬುಟ್ಟಿಗೆ ಚೆಂಡು ತುರುಕೋ ಡಂಕ್ ಮಾಡೋಕೆ ಬರಲ್ಲ ಸಂಬಳ ಬೇಕಂತೆ ಅಂತ. ಸ್ಟೆಫ್ ಕರಿ ಸಂಬಳ ಯಾರು ಕೇಳಿದ್ರು? ಒಬ್ಬಳೂ ಕೇಳಿಲ್ಲ. ಅವ್ರು ಕೇಳ್ತಿರೋದೇ ಬೇರೆ.

ನಮ್ಮ ತಾತಂಗೆ ಕೆ.ಆರ್. ಪೇಟೆ ಹತ್ರ ಮೂರೆಕರೆ ಗದ್ದೆ ಇತ್ತು. ಮೈಯಲ್ಲಿ ಶಕ್ತಿ ಇಲ್ಲದಾಗ ವಾರಕ್ಕೆ, ಅಂದ್ರೆ ಪಾಲಿಗೆ, ಕೊಟ್ರು. ಬೆಳೆದಿದ್ರಲ್ಲಿ ಅರ್ಧ ಅವ್ರಿಗೆ ಅರ್ಧ ಮಾಡೋನಿಗೆ. ನಾಲೇಲಿ ನೀರು ಬರ್ಲಿಲ್ಲ ಅಂದ್ರೆ ಇಬ್ರಿಗೂ ಇಲ್ಲ, ಚೆನ್ನಾಗಿ ಬಂದ್ರೆ ಇಬ್ರಿಗೂ ಉಂಟು. ಕೂಲಿಗೆ ಬರೋರದ್ದು ಆ ಲೆಕ್ಕ ಅಲ್ಲ, ಕಣದಲ್ಲಿ ಇಪ್ಪತ್ತು ಮೂಟೆ ಬಿದ್ರೂ ಅದೇ ಕೂಲಿ ಅರವತ್ತು ಬಿದ್ರೂ ಅದೇ ಕೂಲಿ.

ಎನ್‌ಬಿಎ ಗಂಡಸರು ಆಡೋದು ವಾರಕ್ಕೆ. ಲೀಗಿನ ಬ್ಯಾಸ್ಕೆಟ್‌ಬಾಲ್ ಆದಾಯದಲ್ಲಿ ಹೆಚ್ಚೂಕಮ್ಮಿ ಅರ್ಧ ಆಟಗಾರರದ್ದು ಅಂತ ಒಪ್ಪಂದದಲ್ಲೇ ಇದೆ, ಟಿವಿ ದುಡ್ಡು ಏರಿದ್ರೆ ಅವರ ಸಂಬಳವೂ ಹಿಂದೇನೇ ಏರುತ್ತೆ. ಹೆಂಗಸರು 2025ರ ತನಕ ಆಡಿದ್ದು ಕೂಲಿಗೆ. 2020ರ ಒಪ್ಪಂದದಲ್ಲಿ ಟೀಮಿನ ಸಂಬಳದ ಮಿತಿ ವರ್ಷಕ್ಕೆ ಶೇಕಡ 3ರಷ್ಟು ಏರುತ್ತೆ ಅಂತ ಗಂಟು ಹಾಕಿಟ್ರು, ಆದಾಯ ಮೇಲೆ ಹಾರ್ಲಿ ಕೆಳಗೆ ಬೀಳ್ಲಿ, 3 ಅಂದ್ರೆ 3. ಲೀಗಿಗೆ ಬಂದ ಒಟ್ಟು ದುಡ್ಡಲ್ಲಿ ಅವರ ಕೈಗೆ ಸೇರ್ತಿದ್ದದ್ದು ಸುಮಾರು ಶೇಕಡ 9-10. ಅದೇ ಒಪ್ಪಂದದಲ್ಲಿ ಆದಾಯ ಇಷ್ಟು ದಾಟಿದ್ರೆ ಹೆಚ್ಚಿಗೆ ಬಂದಿದ್ದನ್ನ ಅರ್ಧರ್ಧ ಹಂಚ್ಕೊಳ್ಳೋಣ ಅಂತಾನೂ ಒಂದು ಷರತ್ತಿತ್ತು, ಓದೋಕೆ ಚೆಂದ. ಆದ್ರೆ ಆ ಗುರಿ ವರ್ಷವರ್ಷಕ್ಕೆ ಬೇರೆ ಬೇರೆ ಅಲ್ಲ, 2020ರಿಂದ ಕೂಡ್ಕೊಂಡು ಬರೋದು. 2020ರಲ್ಲಿ ಏನಾಯ್ತು ಹೇಳ್ಬೇಕಾ? ಫ್ಲಾರಿಡಾದಲ್ಲಿ ಒಂದು ಕ್ಯಾಂಪಸ್ ಒಳಗೆ ಎಲ್ಲರನ್ನೂ ಕೂಡಿ ಹಾಕಿ ಒಬ್ಬ ಪ್ರೇಕ್ಷಕನೂ ಇಲ್ಲದೆ ಸೀಸನ್ ಆಡಿಸಿದ್ರು. ಮೊದಲ ವರ್ಷವೇ ಬಿದ್ದ ಆ ಹಳ್ಳ ಆಮೇಲೆ ತುಂಬಲೇ ಇಲ್ಲ. ಷರತ್ತು ಕಾಗದದ ಮೇಲೇ ಉಳೀತು.

ಈಗ ಸ್ವಲ್ಪ ಲೆಕ್ಕ ಮಾಡ್ತೀನಿ ತಡ್ಕೊಳ್ಳಿ, ನನ್ನ ಕೆಲಸಾನೇ ಬೇರೆಯವರ ಬ್ಯಾಲೆನ್ಸ್ ಶೀಟ್ ನೋಡೋದು. 2025ರಲ್ಲಿ ಒಂದು ಟೀಮಿನ ಒಟ್ಟು ಸಂಬಳದ ಮಿತಿ 15 ಲಕ್ಷ ಡಾಲರ್ ಆಸುಪಾಸು. 13 ಟೀಮು. ಗುಣಿಸಿದ್ರೆ 2 ಕೋಟಿ ಡಾಲರ್ ಮುಟ್ಟೋದೂ ಕಷ್ಟ. ಇಡೀ ಲೀಗು! 2024-25ರ ಎನ್‌ಬಿಎ ಸೀಸನ್ನಲ್ಲಿ ಕರಿ ಒಬ್ಬನ ಸಂಬಳ ಐದೂವರೆ ಕೋಟಿ ಡಾಲರ್ ಮೇಲಿತ್ತು. ಅದನ್ನ ಬಿಡಿ, ಅವನದ್ದು ಅವನಿಗಿರ್ಲಿ. ನನಗೆ ನಿಜವಾಗ್ಲೂ ತಲೆ ತಿರುಗಿದ್ದು ಇನ್ನೊಂದು ಹೋಲಿಕೆಗೆ. 2024ರಲ್ಲಿ ಲೀಗು ಎಲ್ಲಾ ಟೀಮಿಗೂ ಚಾರ್ಟರ್ ವಿಮಾನ ಮಾಡ್ತು, ವರ್ಷಕ್ಕೆ ಎರಡೂವರೆ ಕೋಟಿ ಡಾಲರ್ ಖರ್ಚು ಅಂತ ಅವ್ರೇ ಹೇಳಿದ್ದು. ಅಂದ್ರೆ ಆಡೋರ ಸಂಬಳಕ್ಕಿಂತ ಅವ್ರನ್ನ ಹೊತ್ಕೊಂಡು ಹೋಗೋ ವಿಮಾನದ ಬಾಡಿಗೇನೇ ಜಾಸ್ತಿ.

ವಿಮಾನ ಬೇಡ ಅಂತಿಲ್ಲ ಮತ್ತೆ. 2018ರಲ್ಲಿ ಇದೇ ಏಸಸ್ ಟೀಮು ವಿಮಾನ ತಡ, ಕ್ಯಾನ್ಸಲ್ ಅಂತ 25 ಗಂಟೆ ಏರ್‌ಪೋರ್ಟುಗಳಲ್ಲಿ ಅಲೆದು ವಾಷಿಂಗ್ಟನ್ ತಲುಪಿ, ಈ ಸ್ಥಿತೀಲಿ ಆಡಲ್ಲ ಅಂತ ಮ್ಯಾಚನ್ನೇ ಬಿಟ್ಟುಕೊಡ್ತು. 2021ರಲ್ಲಿ ನ್ಯೂಯಾರ್ಕ್ ಲಿಬರ್ಟಿ ಮಾಲೀಕರು ಸ್ವಂತ ದುಡ್ಡಲ್ಲಿ ಚಾರ್ಟರ್ ಮಾಡಿ ಕಳಿಸಿದ್ರು ಅಂತ ಅವ್ರಿಗೆ 5 ಲಕ್ಷ ಡಾಲರ್ ದಂಡ ಬಿತ್ತು, ಬೇರೆ ಟೀಮಿಗೆ ಅನ್ಯಾಯ ಆಗುತ್ತಂತೆ! ಆಟಗಾರ್ತಿಯರನ್ನ ಚೆನ್ನಾಗಿ ನೋಡ್ಕೊಂಡಿದ್ದಕ್ಕೆ ಹಾಕಿದ ದಂಡ, ಆ ಟೀಮಿನ ಯಾವ ಆಟಗಾರ್ತಿಯ ವರ್ಷದ ಸಂಬಳಕ್ಕಿಂತಲೂ ಜಾಸ್ತಿ.

ನಾನೂ ಕಾಲೇಜಲ್ಲಿದ್ದಾಗ ಯೂನಿವರ್ಸಿಟಿಗೆ ಆಡಿದವಳು, ಯಾವುದು ಅಂತ ಬೇಡ. ಸೌತ್ ಝೋನ್‌ಗೆ ಹೋಗುವಾಗ ರಿಸರ್ವೇಶನ್ ಇಲ್ಲದೆ ಬಾಗಿಲ ಹತ್ರ ಕಿಟ್ ಬ್ಯಾಗ್ ಮೇಲೆ ಕೂತು ಹೋಗಿದೀವಿ, ಡಿಎ ಬರೋಷ್ಟೊತ್ತಿಗೆ ಡಿಗ್ರಿ ಮುಗಿದಿತ್ತು. ಆಗ ನಮ್ಮೆಲ್ಲರ ಕನಸು ಅಂದ್ರೆ ರೈಲ್ವೆ ನೌಕರಿ, ಚೆನ್ನಾಗಿ ಆಡಿದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಸಿಗುತ್ತೆ ಅಂತ. ಸದರ್ನ್ ರೈಲ್ವೆಯ ಗೀತು ಅನ್ನಾ ಜೋಸ್ 2011ರಲ್ಲಿ ಡಬ್ಲ್ಯುಎನ್‌ಬಿಎ ಟ್ರಯಲ್ಸ್‌ಗೆ ಅಂತ ಅಮೆರಿಕಕ್ಕೆ ಹೋದಾಗ ನಾವೆಲ್ಲ ಬೀಗಿದ್ದೇ ಬೀಗಿದ್ದು. ಅಲ್ಲಿ ಆಡೋರು ಕೂಡ ಹೊಟ್ಟೆಪಾಡಿಗೆ ಇನ್ನೊಂದು ಕಡೆ ಹೋಗ್ತಾರೆ ಅಂತ ನಮಗೆಲ್ಲಿ ಗೊತ್ತಿತ್ತು.

ಹೌದು, ಹೋಗ್ತಿದ್ರು. ಬೇಸಿಗೇಲಿ ಅಮೆರಿಕ, ಚಳೀಲಿ ರಷ್ಯಾ, ಟರ್ಕಿ, ಚೀನಾ. ಡಯಾನಾ ಟೊರಾಸಿ ಅಂತ ಒಬ್ಬಳು, ಲೀಗಿನ ಚರಿತ್ರೇಲೇ ಅತಿ ಹೆಚ್ಚು ಪಾಯಿಂಟ್ ಹೊಡೆದವಳು, ಅವಳಿಗೆ ರಷ್ಯಾದ ಯೆಕಟೆರಿನ್‌ಬರ್ಗ್ ಕ್ಲಬ್ಬು ಸುಮಾರು 15 ಲಕ್ಷ ಡಾಲರ್ ಕೊಡ್ತಿತ್ತು, ಇಲ್ಲಿ ಅಮೆರಿಕದಲ್ಲಿ ಲಕ್ಷ ಚಿಲ್ಲರೆ. 2015ರಲ್ಲಿ ಆ ಕ್ಲಬ್ಬಿನವ್ರು ನೀನು ಅಮೆರಿಕದಲ್ಲಿ ಆಡ್ಬೇಡ, ರೆಸ್ಟ್ ತಗೋ, ಆ ಸಂಬಳವೂ ನಾವೇ ಕೊಡ್ತೀವಿ ಅಂದ್ರು, ಅವಳು ಇಲ್ಲಿನ ಇಡೀ ಸೀಸನ್ ಮನೇಲಿ ಕೂತ್ಲು. ಬ್ರಿಯಾನಾ ಸ್ಟೀವರ್ಟ್ 2019ರಲ್ಲಿ ರಷ್ಯಾದ ಕ್ಲಬ್ಬಿಗೆ ಯೂರೋಲೀಗ್ ಫೈನಲ್ ಆಡ್ತಾ ಹಿಮ್ಮಡಿ ನರ ಹರ್ಕೊಂಡು ಇಲ್ಲಿನ ಸೀಸನ್ ಕಳ್ಕೊಂಡ್ಲು. ಹಂಗೇ ರಷ್ಯಾದ ಕ್ಲಬ್ಬಿಗೆ ಆಡ್ತಿದ್ದ ಬ್ರಿಟ್ನಿ ಗ್ರೈನರ್ ಕಥೆ ಎಲ್ರಿಗೂ ಗೊತ್ತು, 2022ರ ಫೆಬ್ರವರೀಲಿ ಮಾಸ್ಕೋ ಏರ್‌ಪೋರ್ಟಲ್ಲಿ ಹಿಡ್ಕೊಂಡ್ರು, ಹತ್ತು ತಿಂಗಳ ಜೈಲು, ಕೊನೆಗೆ ಅಮೆರಿಕದವ್ರು ರಷ್ಯಾದ ಆಯುಧ ವ್ಯಾಪಾರಿ ವಿಕ್ಟರ್ ಬೌಟ್‌ನ ಬಿಟ್ಟು ಅವಳನ್ನ ಬಿಡಿಸ್ಕೊಂಡ್ರು. ಇದೇನು ಆಟಗಾರ್ತಿ ರಷ್ಯಾಕ್ಕೆ ಯಾಕೆ ಹೋದ್ಲು ಅಂತ ಆಗ ಬೈದವ್ರೇ ಈಗ ಸಂಬಳ ಯಾಕೆ ಕೇಳ್ತಾಳೆ ಅಂತಾನೂ ಬೈತಾರೆ.

ಸರಿ, ನಷ್ಟದ ಮಾತಿಗೆ ಬರ್ತೀನಿ, ಭಾವ ಗೆದ್ದೆ ಅನ್ಕೊಂಡಿರೋದು ಅಲ್ಲೇ.

ನಷ್ಟ ಇಲ್ಲ ಅಂತ ನಾನು ಹೇಳಲ್ಲ. ವರ್ಷಕ್ಕೆ ಸರಾಸರಿ ಒಂದು ಕೋಟಿ ಡಾಲರ್ ಕಳ್ಕೊಂಡಿದೀವಿ ಅಂತ ಎನ್‌ಬಿಎ ಕಮಿಷನರ್ ಆಡಮ್ ಸಿಲ್ವರ್ 2018ರಲ್ಲೇ ಹೇಳಿದ್ರು. 2024ರದ್ದು 4 ಕೋಟಿ ಅಂತ ಪೇಪರ್‌ಗಳಲ್ಲಿ ಬಂತು. 1997ರಲ್ಲಿ ಲೀಗು ಶುರುವಾದಾಗಿಂದ ಮೊದಲ ನಾಲ್ಕೂ ಕಪ್ ಗೆದ್ದ ಹ್ಯೂಸ್ಟನ್ ಕಾಮೆಟ್ಸ್ ಅನ್ನೋ ಟೀಮೇ 2008ರಲ್ಲಿ ಕೊಳ್ಳೋರಿಲ್ಲದೆ ಮುಚ್ಚಿ ಹೋಯ್ತು. ಎನ್‌ಬಿಎ ಕೈ ಹಿಡೀದೆ ಇದ್ದಿದ್ರೆ ಇವತ್ತು ಜಗಳ ಆಡೋಕೆ ಲೀಗೇ ಇರ್ತಿರ್ಲಿಲ್ಲ, ಆ ಋಣ ಒಪ್ಕೋಬೇಕು, ಒಪ್ತೀನಿ.

ಆದ್ರೆ ಭಾವ, ನಿಮ್ಮ ಕಂಪನಿ ಒಂಬತ್ತು ವರ್ಷದಿಂದ ಲಾಭದ ಮುಖ ನೋಡಿಲ್ಲ ಅಂತ ನೀವೇ ಹೇಳ್ತಿರ್ತೀರ. ಆದ್ರೂ ವರ್ಷವರ್ಷ ಸ್ಟಾಕ್ ತಗೊಳ್ತೀರ, ಅಪ್ರೈಸಲ್‌ನಲ್ಲಿ ಕಮ್ಮಿ ಕೊಟ್ರು ಅಂತ ಅಕ್ಕನ ಹತ್ರ ಗೊಣಗ್ತೀರ. ಯಾಕೆ? ಕಂಪನಿ ಬೆಲೆ ಏರ್ತಿದೆ, ಏರಿಸ್ತಿರೋರಲ್ಲಿ ನಾನೂ ಒಬ್ಬ, ನನಗೂ ಪಾಲು ಬೇಕು ಅಂತ. ಸರಿಯಾಗೇ ಇದೆ. ಈ ಹುಡುಗೀರು ಬೇರೆ ಏನು ಕೇಳಿದ್ರು?

ಬೆಲೆ ಹೆಂಗೆ ಏರಿದೆ ನೋಡಿ. ಕನೆಕ್ಟಿಕಟ್ ಸನ್ ಅನ್ನೋ ಟೀಮನ್ನ ಅಲ್ಲಿನ ಮೊಹೀಗನ್ ಬುಡಕಟ್ಟಿನವ್ರು 2003ರಲ್ಲಿ ಸುಮಾರು 1 ಕೋಟಿ ಡಾಲರ್‌ಗೆ ತಗೊಂಡ್ರು, 2025ರಲ್ಲಿ ಅದಕ್ಕೆ 32.5 ಕೋಟಿ ಕೊಡ್ತೀವಿ ಅಂತ ಬಂದ್ರು. ಲಿಬರ್ಟಿ ಟೀಮಂತೂ ಒಂದು ಕಾಲಕ್ಕೆ ನ್ಯೂಯಾರ್ಕ್ ಊರಾಚೆ ಒಂದು ಸಣ್ಣ ಹಾಲಲ್ಲಿ ಆಡ್ತಿತ್ತು, 2019ರಲ್ಲಿ ಮಾಲೀಕರು ಬದಲಾದ್ರು, 2025ರಲ್ಲಿ ಅದರಲ್ಲಿ ಸ್ವಲ್ಪ ಪಾಲು ಮಾರಿದ್ದು ಇಡೀ ಟೀಮಿಗೆ 45 ಕೋಟಿ ಬೆಲೆ ಕಟ್ಟಿ. ಜೂನಲ್ಲಿ ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಫಿಲಡೆಲ್ಫಿಯಾ ಅಂತ ಮೂರು ಹೊಸ ಟೀಮು ಘೋಷಣೆ ಆಯ್ತಲ್ಲ, ಒಳಗೆ ಕಾಲಿಡೋಕೇ ತಲಾ 25 ಕೋಟಿ ಡಾಲರ್, ನಮ್ಮ ರೂಪಾಯೀಲಿ ಎರಡು ಸಾವಿರ ಕೋಟಿ ಮೇಲೆ. ಮುಳುಗೋ ದೋಣೀಲಿ ಸೀಟಿಗೆ ಯಾರಾದ್ರೂ ಇಷ್ಟು ಕೊಡ್ತಾರಾ? ಈ ದುಡ್ಡಲ್ಲಿ ಆಡೋರಿಗೆ ಪಾಲಿಲ್ಲ. ವರ್ಷದ ಖರ್ಚಿನ ಪುಸ್ತಕದಲ್ಲಿ ನಷ್ಟ ಕಾಣುತ್ತೆ, ಆಸ್ತಿ ಪುಸ್ತಕ ಮಾತ್ರ ಊದ್ಕೊಳ್ತಾ ಹೋಗುತ್ತೆ, ಆಟಗಾರ್ತಿಯರಿಗೆ ತೋರಿಸೋದು ಮೊದಲನೇ ಪುಸ್ತಕ ಒಂದೇ.

ಇನ್ನು ಟಿವಿ ದುಡ್ಡು. 2026ರಿಂದ ಹೊಸ ಒಪ್ಪಂದ, 11 ವರ್ಷಕ್ಕೆ ಸುಮಾರು 220 ಕೋಟಿ ಡಾಲರ್, ವರ್ಷಕ್ಕೆ 20 ಕೋಟಿ. ಮೇಲೆ ಹೇಳಿದ್ನಲ್ಲ, 2025ರ ಒಟ್ಟು ಸಂಬಳ 2 ಕೋಟಿ ಒಳಗೆ. ಅದೂ ಹೆಂಗೆ ಮಾರಿದ್ರು ಗೊತ್ತಾ, ಗಂಡಸರ ಲೀಗಿನದ್ದು ಇವರದ್ದು ಎರಡನ್ನೂ ಒಟ್ಟಿಗೆ ಎನ್‌ಬಿಎನೇ ವ್ಯಾಪಾರ ಮಾಡಿದ್ದು. ಅವಿಭಕ್ತ ಕುಟುಂಬದಲ್ಲಿ ಅಣ್ಣನ ಅಡಿಕೆ ತಮ್ಮನ ತೆಂಗು ಒಂದೇ ಲಾರೀಲಿ ಮಂಡಿಗೆ ಹೋಗುತ್ತೆ, ದುಡ್ಡು ಬಂದ ಮೇಲೆ ತೆಂಗಿಂದು ಇಷ್ಟು ಅಂತ ಅಣ್ಣಾನೇ ಹೇಳ್ತಾನೆ. ತಮ್ಮ ನಷ್ಟದಲ್ಲಿದ್ದಾನೆ ಅನ್ನೋದೂ ಅಣ್ಣನ ಲೆಕ್ಕದಿಂದಲೇ.

ಆ ಅಣ್ಣನ ಚರಿತ್ರೆ ತೆಗೆದ್ರೆ ಇನ್ನೂ ಮಜಾ. 1980ರ ಎನ್‌ಬಿಎ ಫೈನಲ್, ಮ್ಯಾಜಿಕ್ ಜಾನ್ಸನ್ ಮೆರೆದ ಆ ಮ್ಯಾಚು, ಅಮೆರಿಕದ ಎಷ್ಟೋ ಊರುಗಳಲ್ಲಿ ಲೈವ್ ಇರ್ಲಿಲ್ಲ, ಎಲ್ರೂ ಮಲಗೋ ಹೊತ್ತಿಗೆ ರೆಕಾರ್ಡಿಂಗ್ ಹಾಕಿದ್ರು. 83ರ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಟೀಮುಗಳು ನಷ್ಟದಲ್ಲಿದ್ವು. ಆ ವರ್ಷವೇ, ನಷ್ಟದ ನಡುವೆಯೇ, ಆದಾಯದಲ್ಲಿ ಶೇಕಡ 53 ಆಟಗಾರರಿಗೆ ಅಂತ ಒಪ್ಪಂದ ಆಗಿದ್ದು, ಅದರ ಜೊತೆಗೆ ಸಂಬಳದ ಮಿತಿ. ಲಾಭ ಬರ್ಲಿ ಆಮೇಲೆ ನೋಡೋಣ ಅಂತ ಯಾರೂ ಕಾಯ್ಲಿಲ್ಲ. ಗಂಡಸರಿಗೆ ನಷ್ಟದ ಕಾಲದಲ್ಲೂ ವಾರ, ಹೆಂಗಸರಿಗೆ ಲಾಭ ಬಂದ ಮೇಲೆ ಮಾತು.

(ನಮ್ಮಲ್ಲೂ ಇದೇ ಕಥೆ ಅಂತ ಹೇಳೋರಿಗೆ: 2023ರಲ್ಲಿ ಹೆಂಗಸರ ಕ್ರಿಕೆಟ್ ಲೀಗು ಡಬ್ಲ್ಯುಪಿಎಲ್‌ನ ಬೆಂಗಳೂರು ಟೀಮು 901 ಕೋಟಿ ರೂಪಾಯಿಗೆ ಹೋಯ್ತು, ಆ ವರ್ಷ ಆಟಗಾರ್ತಿಯರನ್ನ ಕೊಳ್ಳೋಕೆ ಇದ್ದ ಮಿತಿ ಟೀಮಿಗೆ 12 ಕೋಟಿ. ಅದರ ಬಗ್ಗೆ ಇನ್ನೊಂದಿನ.)

ಲೀಗಿನ ಬೆಲೆ ಏರಿದ್ದೆಲ್ಲಾ ಕೇಟ್ಲಿನ್ ಕ್ಲಾರ್ಕ್ ಅನ್ನೋ ಹೊಸ ಸ್ಟಾರ್ ಒಬ್ಬಳಿಂದ ಆಗಿದ್ದು ಅನ್ನೋರೂ ಇದ್ದಾರೆ. ಅರ್ಧ ನಿಜ. 2024ರಲ್ಲಿ ಅವಳು ಆಡಿದ ಕಾಲೇಜ್ ಫೈನಲ್‌ನ ಸುಮಾರು 1.87 ಕೋಟಿ ಜನ ನೋಡಿದ್ರು, ಗಂಡಸರ ಫೈನಲ್‌ಗಿಂತ ಜಾಸ್ತಿ, ಎಂಟು ದಿನ ಆದ್ಮೇಲೆ ಲೀಗಿಗೆ ಬಂದಾಗ ಸಿಕ್ಕ ವರ್ಷದ ಸಂಬಳ 76,535 ಡಾಲರ್. ನಾನಿರೋ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೊದಲ ಕೆಲಸಕ್ಕೆ ಸೇರೋ ಇಂಜಿನಿಯರಿಗೆ ಅಷ್ಟು ಆಫರ್ ಕೊಟ್ರೆ ಮುಖ ಸೊಟ್ಟ ಮಾಡ್ತಾನೆ. 2025ರಲ್ಲಿ ಅವಳು ಗಾಯ ಆಗಿ 13 ಮ್ಯಾಚ್ ಮಾತ್ರ ಆಡಿದ್ಲು, ಆದ್ರೂ ಲೀಗಿಗೆ ಬಂದ ಜನ ದಾಖಲೆ. ನಮ್ಮ ಬೇ ಏರಿಯಾದ ವಾಲ್ಕಿರೀಸ್‌ನೇ ತಗೊಳ್ಳಿ, ಹೊಸಾ ಟೀಮು, ದೊಡ್ಡ ಸ್ಟಾರ್ ಅಂತ ಒಬ್ಬಳೂ ಇಲ್ಲ, ಅವ್ರು ಆಡೋ ಚೇಸ್ ಸೆಂಟರ್‌ನ 18,064 ಸೀಟು ಪ್ರತಿ ಮ್ಯಾಚೂ ಫುಲ್. ಪ್ಲೇಆಫ್‌ಗೂ ಹೋದ್ರು, ಆದ್ರೆ ಆ ವಾರ ಚೇಸ್ ಸೆಂಟರ್ ಒಂದು ಟೆನಿಸ್ ಟೂರ್ನಿಗೆ ಮೊದಲೇ ಬುಕ್ ಆಗಿತ್ತು. ಸೀಸನ್ ಪೂರ್ತಿ ಮನೆ ತುಂಬಿಸಿದವ್ರಿಗೆ ಹಬ್ಬದ ದಿನ ಮನೆ ಇಲ್ಲ. ಸ್ಯಾನ್ ಹೋಸೆಗೆ ಹೋದ್ವಿ, ಅಲ್ಲೂ ಕಾಲಿಡೋಕೆ ಜಾಗ ಇಲ್ಲ, 17 ಪಾಯಿಂಟ್ ಮುಂದಿದ್ದು ಒಂದೇ ಒಂದು ಪಾಯಿಂಟಲ್ಲಿ ಸೋತ್ವಿ, 75-74. ಮಗಳು ಕಾರಲ್ಲಿ ಮನೆ ತನಕ ಮಾತಾಡ್ಲಿಲ್ಲ.

ಅವತ್ತು ನಮ್ಮನ್ನ ಸೋಲಿಸಿದ ಮಿನೆಸೋಟಾ ಟೀಮಿನ ನೆಫೀಸಾ ಕೊಲಿಯರೇ ಸೆಪ್ಟೆಂಬರ್ ಕೊನೇಲಿ ಮೈಕ್ ಮುಂದೆ ಕೂತು ಲೀಗಿನ ಕಮಿಷನರ್ ಮೇಲೆ ಹರಿಹಾಯ್ದಿದ್ದು. ಟಿವಿ ಒಪ್ಪಂದ ತಂದುಕೊಟ್ಟಿದ್ದಕ್ಕೆ ಆಟಗಾರ್ತಿಯರು ಮಂಡಿಯೂರಿ ಥ್ಯಾಂಕ್ಸ್ ಹೇಳ್ಬೇಕು ಅಂತ ತನ್ನ ಹತ್ರ ಅಂದಿದ್ರು, ಕ್ಲಾರ್ಕ್ ಕೂಡ ಲೀಗಿಗೆ ಋಣಿಯಾಗಿರ್ಬೇಕು ಅಂದ್ರು ಅನ್ನೋದು ಅವಳ ಆರೋಪ. ಕ್ಲಾರ್ಕ್ ಬಗ್ಗೆ ಹಾಗೆಲ್ಲ ನಾನು ಅಂದಿಲ್ಲ ಅಂತ ಕಮಿಷನರ್ ಕ್ಯಾಥಿ ಎಂಗಲ್‌ಬರ್ಟ್ ಆಮೇಲೆ ಹೇಳಿದ್ರು. ಯಾರು ಏನಂದ್ರು ಅನ್ನೋದು ಅವ್ರಿಗೆ ಬಿಟ್ಟಿದ್ದು. ಕೊಲಿಯರ್ ಮತ್ತು ಸ್ಟೀವರ್ಟ್ ಸೇರ್ಕೊಂಡು 2025ರಲ್ಲಿ ಮಯಾಮಿಯಲ್ಲಿ ಅನ್‌ರೈವಲ್ಡ್ ಅಂತ ಮೂರು ಮೂರು ಜನರ ಲೀಗ್ ಶುರು ಮಾಡಿದ್ರಲ್ಲ, ಅಲ್ಲಿ ಸರಾಸರಿ ಸಂಬಳ 2 ಲಕ್ಷ ಡಾಲರ್ ಮೇಲೆ, ಜೊತೆಗೆ ಆಡೋರಿಗೆ ಲೀಗಲ್ಲೇ ಷೇರು. ಹತ್ತು ವಾರದ ಸೀಸನ್ನಿಗೆ. ಬಾಯಿಮಾತಿನ ಜಗಳಕ್ಕಿಂತ ನನಗೆ ಇದು ದೊಡ್ಡದು.

ಅರ್ಧಕ್ಕೆ ಅರ್ಧ ನಾಳೆಯೇ ಕೊಟ್ಬಿಡಿ ಅಂತ ನಾನಾಗಿದ್ರೆ ಕೇಳ್ತಿರ್ಲಿಲ್ಲ. ಮೂರರಲ್ಲೊಂದು ಪಾಲಿಂದ ಶುರು ಮಾಡಿ ಆದಾಯದ ಜೊತೆ ಏರಿಸ್ಕೊಂಡು ಹೋಗಿ ಅಂತಿದ್ದೆ, ಸಣ್ಣ ಊರಿನ ಟೀಮುಗಳೂ ಉಳೀಬೇಕಲ್ಲ. ಆದ್ರೆ ಪಾಲು ಅನ್ನೋ ಪದ ಕಾಗದಕ್ಕೆ ಬರ್ಬೇಕು. ಕೂಲಿ ಎರಡರಷ್ಟು ಮಾಡ್ತೀವಿ ಮೂರರಷ್ಟು ಮಾಡ್ತೀವಿ ಅಂದ್ರೆ ಒಪ್ಕೋಬಾರದು.

2020ರ ಆ ಒಪ್ಪಂದದ ಗಡುವು 2025ರ ಅಕ್ಟೋಬರ್ 31. ಹಳೇ ಆಟಗಾರ್ತಿಯರಲ್ಲಿ ಹೆಚ್ಚಿನವ್ರು ಬೇಕಂತಲೇ ತಮ್ಮ ಕಾಂಟ್ರಾಕ್ಟೂ 2025ಕ್ಕೇ ಮುಗಿಯೋ ಹಂಗೆ ಮಾಡ್ಕೊಂಡ್ರು. 2026ಕ್ಕೆ ಟೊರಾಂಟೊ, ಪೋರ್ಟ್‌ಲ್ಯಾಂಡ್ ಅಂತ ಎರಡು ಹೊಸ ಟೀಮು ಬೇರೆ, ಒಪ್ಪಂದ ಆಗದೆ ಅವ್ರಿಗೆ ಆಟಗಾರ್ತಿಯರನ್ನ ತುಂಬ್ಕೊಳ್ಳೋಕೂ ಕಷ್ಟ. ಲಾಕೌಟ್ ಆದ್ರೂ ಆಗ್ಬಹುದು ಅನ್ನೋ ಭಯ ಇದನ್ನ ಬರೆಯೋ ಹೊತ್ತಿಗೆ ಇದೆ. ನಾನು 2026ರ ಸೀಸನ್ನಿಗೆ ಎರಡು ಸೀಟಿಗೆ ದುಡ್ಡು ಕಟ್ಟಿದೀನಿ. ಲಾಕೌಟ್ ವಿಷ್ಯ ಮಗಳಿಗೆ ಇನ್ನೂ ಹೇಳಿಲ್ಲ, ಭಾವ, ದಯವಿಟ್ಟು ನೀವೂ ಹೇಳ್ಬೇಡಿ.