ಊರು ಬಿಟ್ಟವರು ದೇವರನ್ನು ಬಿಟ್ಟಿಲ್ಲ

"ಊರು ಬಿಟ್ಟ ಮಕ್ಕಳು ದೇವರನ್ನೂ ಬಿಡ್ತಾರೆ." ಭಾನುವಾರ ಪೂಜೆ ಮುಗಿದ ಮೇಲೆ ಮಂಗಳೂರಿನ ಇಗರ್ಜಿಗಳ (ಚರ್ಚ್‌ಗಳ) ಅಂಗಳದಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೇಳುವವರು ಮಕ್ಕಳ ಚಿಂತೆಯಿಂದಲೇ ಹೇಳುತ್ತಾರೆ, ಗೊತ್ತು. ಆದರೂ ನಾನು ಒಪ್ಪುವುದಿಲ್ಲ. ನಂಬಿಕೆ ನನ್ನದು ಅಂತ ಆದದ್ದೇ ಊರು ಬಿಟ್ಟ ಮೇಲೆ.

ಪಿಯುಸಿ ಮುಗಿದ ಕೂಡಲೇ ಮತ್ಸ್ಯಗಂಧ ರೈಲು ಹತ್ತಿ ಮುಂಬೈಗೆ ಹೋದವನು ನಾನು. ಮನೆಯಲ್ಲಿ ದಿನಾ ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಇತ್ತು. ಮುಗಿದ ಮೇಲೆ ಹಿರಿಯರಿಗೆ ಕೈಮುಗಿದು ಬೆಸಾಂವ್ (ಆಶೀರ್ವಾದ) ಕೇಳಬೇಕಿತ್ತು. ಮುಂಬೈಯಲ್ಲಿ ಅದೆಲ್ಲ ತಾನಾಗಿಯೇ ನಿಂತಿತು. ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಕರೆಯುವವರಿರಲಿಲ್ಲ, ಅಷ್ಟೇ.

ಆಮೇಲೆ ಮೆಷಿನ್ ರಿಪೇರಿ ಕೆಲಸ, ಊರೂರು ಸುತ್ತಾಟ. ಒಮ್ಮೆ ಸೆಪ್ಟೆಂಬರ್ ಮೊದಲ ವಾರ ತಮಿಳುನಾಡಿನ ನಾಗಪಟ್ಟಣದಲ್ಲಿದ್ದೆ. ಹತ್ತಿರದ ವೇಲಾಂಕಣಿಯ ಮೇರಿ ಮಾತೆಯ ಇಗರ್ಜಿಯಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ಹಬ್ಬದವರೆಗೂ ರಸ್ತೆ ತುಂಬ ಜನ. ಕಾವಿ ಬಟ್ಟೆ ಉಟ್ಟು ಎಷ್ಟೋ ದೂರದಿಂದ ನಡೆದು ಬರುತ್ತಾರೆ. ಸುಮ್ನೆ ನೋಡೋಣ ಅಂತ ನಿಂತಿದ್ದೆ. ಮಾತೆಯ ಪ್ರತಿಮೆ ಇಟ್ಟ ತಳ್ಳುಗಾಡಿ ರಸ್ತೆಯ ಗುಂಡಿಯಲ್ಲಿ ಸಿಕ್ಕಿಕೊಂಡಿತ್ತು. ಒಬ್ಬ ಅಜ್ಜಿ ನನ್ನತ್ತ ಕೈ ಮಾಡಿ "ತಳ್ಳಪ್ಪಾ" ಅನ್ನುವ ಹಾಗೆ ಸನ್ನೆ ಮಾಡಿದರು. ಅವರ ಹಿಮ್ಮಡಿ ಒಡೆದಿತ್ತು, ಹೆಬ್ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ರಕ್ತದ ಕಲೆ. ಗಾಡಿ ಮೇಲೆ ಬಂತು, ನಾನು ಕೈ ಬಿಡಲಿಲ್ಲ.

ಅವರು ತಮಿಳಿನಲ್ಲಿ ಜಪಸರ ಹೇಳುತ್ತಿದ್ದರು. ನನಗೆ ತಮಿಳು ಬಾರದು. ಆದರೆ ಎಲ್ಲಿ ಅರ್ಧಕ್ಕೆ ನಿಲ್ಲಿಸುತ್ತಾರೆ, ಎಲ್ಲಿಂದ ಉಳಿದವರು ಎತ್ತಿಕೊಳ್ಳಬೇಕು, ಹತ್ತು ಪ್ರಾರ್ಥನೆಯ ಸುತ್ತು ಯಾವಾಗ ಮುಗಿಯುತ್ತದೆ, ಎಲ್ಲ ಗೊತ್ತಿತ್ತು. ನನ್ನ ಬಾಯಿಂದ ಕೊಂಕಣಿಯಲ್ಲೇ ಉತ್ತರ ಬಂತು. ಯಾರೂ ತಿರುಗಿ ನೋಡಲಿಲ್ಲ. ಯಾವ ಊರು, ಯಾವ ಇಗರ್ಜಿ, ಕೊನೆಯ ಸಲ ಪೂಜೆಗೆ ಹೋದದ್ದು ಯಾವಾಗ ಅಂತ ಕೇಳಲೂ ಇಲ್ಲ. ವೇಲಾಂಕಣಿ ಮುಟ್ಟುವ ಹೊತ್ತಿಗೆ ನಾನು ಅಳುತ್ತಿದ್ದೆ. ಚಿಕ್ಕವನಿದ್ದಾಗ ಅಭ್ಯಾಸಕ್ಕೆ ಹೇಳಿದ್ದನ್ನು ಅವತ್ತು ಬೇಕು ಅಂತ ಹೇಳಿದ್ದೆ.

ನಮ್ಮ ಚರಿತ್ರೆಯನ್ನೇ ನೋಡಿ. ಗೋವಾ ಬಿಟ್ಟು ಬಂದವರು ನಾವು, ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು. 1784ರಲ್ಲಿ ಟಿಪ್ಪು ನಮ್ಮ ಹಿರಿಯರನ್ನು ಸಾವಿರಗಟ್ಟಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳು ನೆಲಸಮವಾದವು, 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಕೂಡ. ದಾರಿಯಲ್ಲೂ ಸೆರೆಯಲ್ಲೂ ಎಷ್ಟೋ ಜನ ಸತ್ತರು. 1799ರಲ್ಲಿ ಬಿಡುಗಡೆಯಾಗಿ ಬದುಕುಳಿದವರು ಕರಾವಳಿಗೆ ಮರಳಿದರು, ಮತ್ತೆ ಕಟ್ಟಿದರು. ಅಷ್ಟು ವರ್ಷ ಇಗರ್ಜಿಯ ಗಂಟೆ ಕೇಳದವರ ನಂಬಿಕೆ ಉಳಿದಿತ್ತು ಅಂದರೆ, ಬೆಂಗಳೂರಿನ ಪಿಜಿಯಲ್ಲೋ ದುಬೈಯ ರೂಮಿನಲ್ಲೋ ಇರುವ ಹುಡುಗನದ್ದು ಹೋಗಿಯೇ ಬಿಟ್ಟಿತು ಅಂತ ಯಾಕೆ ತೀರ್ಮಾನಿಸಬೇಕು? ಶ್ರೀರಂಗಪಟ್ಟಣಕ್ಕೂ ಹೋಗಿ ಬಂದಿದ್ದೇನೆ. ಕೋಟೆಯ ಬಿಸಿಲಲ್ಲಿ ನಿಂತಾಗ ಈ ಪ್ರಶ್ನೆ ಇನ್ನೂ ಜಾಸ್ತಿ ಕಾಡಿತು.

ಹಿರಿಯರಲ್ಲಿ ನನ್ನದೊಂದು ಕೋರಿಕೆ. ಫೋನ್ ಮಾಡಿದಾಗ ಮೊದಲ ಪ್ರಶ್ನೆಯೇ "ಪೂಜೆಗೆ ಹೋದಿಯಾ?" ಅಂತ ಬೇಡ. ಹಾಜರಿ ಕೇಳಿದರೆ ಮಕ್ಕಳು ಸುಳ್ಳು ಹೇಳುತ್ತಾರೆ, ಆಮೇಲೆ ಫೋನನ್ನೇ ಎತ್ತುವುದಿಲ್ಲ. ಊಟ ಆಯ್ತಾ, ನಿದ್ದೆ ಬರ್ತದಾ ಅಂತ ಕೇಳಿ. ಮೇರಿ ಮಾತೆ ಹುಟ್ಟಿದ ದಿನದ, ಹೊಸ ತೆನೆಯ ಮೊಂತಿ ಹಬ್ಬಕ್ಕೆ ಬರಲಾಗದವರಿಗೆ ಮೊದಲೆಲ್ಲ ಹೊಸ ಭತ್ತದ ತೆನೆಯನ್ನು ಕಾಗದದ ಜೊತೆ ಅಂಚೆಯಲ್ಲಿ ಕಳಿಸುತ್ತಿದ್ದರು. ಈ ಸಲ ನೀವೂ ಕಳಿಸಿ. ಜೊತೆಗೆ ಬುದ್ಧಿಮಾತು ಬರೆಯಬೇಡಿ, ಮನೆಯವರೆಲ್ಲರ ಹೆಸರು ಬರೆಯಿರಿ ಸಾಕು.