ಸೈಕಲ್ ರಿಪೇರಿಯಿಂದ ಬದುಕು ರಿಪೇರಿ ಆದೀತೇ?

ಬ್ರಿಟನ್ನಿನ ಹಲವು ಊರುಗಳಲ್ಲಿ ಮನೆ ಕಳೆದುಕೊಂಡವರು, ಜೈಲಿನಿಂದ ಹೊರಬಂದವರು, ಯುದ್ಧದಿಂದ ತಪ್ಪಿಸಿಕೊಂಡು ಆಶ್ರಯ ಕೇಳಿ ಬಂದವರು, ಖಿನ್ನತೆಯಿಂದ ಮನೆಯೊಳಗೇ ಉಳಿದುಬಿಟ್ಟವರು ಸೇರುವ ಜಾಗಗಳಿವೆ. ಒಂದು ಕಡೆ ಹಾಡು, ನಾಟಕ, ಚಿತ್ರ. ಇನ್ನೊಂದು ಕಡೆ ಸೈಕಲ್ ರಿಪೇರಿ. ಮನೆಯಿಲ್ಲದವರಿಗಾಗಿ ಕೆಲಸ ಮಾಡುವ 'ಕ್ರೈಸಿಸ್' ಸಂಸ್ಥೆ 2002ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಸ್ಕೈಲೈಟ್ ಕೇಂದ್ರದಲ್ಲಿ ಈ ಎರಡೂ ಒಂದೇ ಸೂರಿನಡಿ ನಡೆದವು. ಇಂಥದ್ದಕ್ಕೆ ತೆರಿಗೆಯ ದುಡ್ಡು, ದಾನದ ದುಡ್ಡು ಹಾಕುವುದು ಸರಿಯೇ? ಅಂಚಿಗೆ ಸರಿದವರು ಇದರಿಂದ ನಿಜಕ್ಕೂ ಒಳಗೆ ಬರುತ್ತಾರೆಯೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ನನ್ನ ಮನಸ್ಸು ಎತ್ತ ವಾಲಿದೆ ಅನ್ನುವುದನ್ನು ಮುಚ್ಚಿಡಲು ಹೋಗಿಲ್ಲ.

ಪರ: ಮೊದಲು ಕೈಗೆ ಕೆಲಸ, ಮಾತು ಆಮೇಲೆ

ಮನೆ ಕಳೆದುಕೊಂಡವನ ದಿನ ಹೆಚ್ಚಾಗಿ ಕಚೇರಿಗಳಲ್ಲೇ ಕಳೆಯುತ್ತದೆ. ಕೌನ್ಸಿಲ್ ಕಚೇರಿ, ಭತ್ಯೆಯ ಕಚೇರಿ, ಆಸ್ಪತ್ರೆ. ಎಲ್ಲ ಕಡೆಯೂ ಟೇಬಲ್ಲಿನ ಆಚೆ ಒಬ್ಬರು, ಈಚೆ ಇವನು. ಸಾಲ ಎಷ್ಟು, ಕುಡಿತ ಎಷ್ಟು, ಮನೆ ಯಾಕೆ ಬಿಟ್ಟೆ – ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕು. ಹೇಳಿ ಹೇಳಿ ತಾನೇ ಒಂದು ಸಮಸ್ಯೆ ಅಂತ ಅವನಿಗೂ ಅನಿಸಿಬಿಡುತ್ತದೆ. ಸೈಕಲ್ ಶೆಡ್ಡಿನಲ್ಲಿ ಯಾರಿಗೂ ಅವನ ಕಥೆ ಬೇಕಿಲ್ಲ. ಹಿಂದಿನ ಬ್ರೇಕ್ ಯಾಕೆ ಹಿಡಿಯುತ್ತಿಲ್ಲ ಅನ್ನುವುದಷ್ಟೇ ಅಲ್ಲಿನ ತಲೆಬಿಸಿ.

ಬ್ರಿಸ್ಟಲ್ ನಗರದಲ್ಲಿ 2008ರಲ್ಲಿ ಹುಟ್ಟಿದ ಬ್ರಿಸ್ಟಲ್ ಬೈಕ್ ಪ್ರಾಜೆಕ್ಟಿನ ಕ್ರಮ ನನಗೆ ಬಹಳ ಹಿಡಿಸುತ್ತದೆ. ಅಲ್ಲಿ ಸೈಕಲ್ಲನ್ನು ಸುಮ್ನೆ ಕೈಗಿಟ್ಟು ಕಳಿಸುವುದಿಲ್ಲ. ಯಾರೋ ದಾನ ಕೊಟ್ಟ, ಚೈನ್ ತುಕ್ಕು ಹಿಡಿದ ಹಳೇ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸುತ್ತಾರೆ. ಬಂದವರು ಒಬ್ಬ ಸ್ವಯಂಸೇವಕರ ಜೊತೆ ನಿಂತು ತಾವೇ ಬಿಚ್ಚಬೇಕು, ತೊಳೆಯಬೇಕು, ಜೋಡಿಸಬೇಕು. ನಮ್ಮ ಸೈಕಲ್ ಶಾಪಿನವರು ಓವರಾಯ್ಲಿಂಗ್ ಅನ್ನುತ್ತಾರಲ್ಲ, ಅದೇ. ಕೆಲಸ ಮುಗಿದ ಮೇಲೆ ಆ ಸೈಕಲ್ ಅವರದ್ದು. ದುಡಿದು ತೆಗೆದುಕೊಂಡದ್ದು. ಕೊಡುವವರ ಮುಂದೆ ತಲೆ ತಗ್ಗಿಸಿ ನಿಲ್ಲುವ ಪ್ರಸಂಗ ಬರುವುದಿಲ್ಲ.

ಒಂದು ಪಂಕ್ಚರ್ ಹಾಕುವುದನ್ನೇ ನೋಡಿ. ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತಾ ತಿರುಗಿಸಬೇಕು. ಗುಳ್ಳೆ ಎದ್ದಲ್ಲಿ ತೂತು. ಒರೆಸಿ, ಉಪ್ಪುಕಾಗದ ಹಾಕಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಕೈ ಕಟ್ಟಿಕೊಂಡು ಕಾಯಬೇಕು. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಅದು ನಿಲ್ಲುವುದಿಲ್ಲ. ಟೈರಿನೊಳಗೆ ಬೆರಳಾಡಿಸಿ ಗಾಜಿನ ಚೂರು ಉಳಿದಿದೆಯಾ ಅಂತ ನೋಡದೆ ಹಾಕಿದರೆ ರಸ್ತೆ ತಿರುವು ದಾಟುವಷ್ಟರಲ್ಲಿ ಮತ್ತೆ ಠುಸ್. ಬೆಂಡಾದ ಚಕ್ರ ಸರಿ ಮಾಡುವುದಂತೂ ಇನ್ನೂ ನಾಜೂಕು. ಒಂದೊಂದೇ ಕಡ್ಡಿಯನ್ನು ಕಾಲು ಸುತ್ತು, ಅರ್ಧ ಸುತ್ತು ಬಿಗಿ ಮಾಡುತ್ತಾ, ಚಕ್ರ ತಿರುಗಿಸಿ ನೋಡುತ್ತಾ ಹೋಗಬೇಕು. ಈ ಹೊತ್ತಿನಲ್ಲಿ ಪಕ್ಕದವರ ಜೊತೆ ಮಾತು ತಾನಾಗಿಯೇ ಹುಟ್ಟುತ್ತದೆ. ಇಬ್ಬರ ಕಣ್ಣೂ ಚಕ್ರದ ಮೇಲಿರುತ್ತದೆ. ಮುಖ ನೋಡಿ ಹೇಳಲಾಗದ್ದು ಆಗ ಬಾಯಿಗೆ ಬರುತ್ತದೆ. ಇಂಗ್ಲಿಷ್ ಬರದವನೂ ಬೆರಳು ತೋರಿಸಿ ಕಲಿಯುತ್ತಾನೆ, ಎರಡು ವಾರ ಹೋದರೆ ಕಲಿಸುತ್ತಾನೆ ಕೂಡ.

ಇನ್ನು ದುಡ್ಡಿನ ಲೆಕ್ಕ. ಆಶ್ರಯ ಕೇಳಿ ಬಂದವರನ್ನು ಊಟ ಕೊಡುವ ಹೋಟೆಲಿನಲ್ಲಿ ಇರಿಸಿದರೆ 2024ರಲ್ಲಿ ವಾರಕ್ಕೆ ಕೈಗೆ ಬರುತ್ತಿದ್ದದ್ದು 8.86 ಪೌಂಡ್. ಆಗ ಲಂಡನ್ನಿನಲ್ಲಿ ಒಂದು ಸಲ ಬಸ್ ಹತ್ತಿದರೆ 1.75 ಪೌಂಡ್ ಆಗುತ್ತಿತ್ತು. ಅಂದರೆ ವಾರಕ್ಕೆ ಐದು ಸಲ ಬಸ್ ಹತ್ತಿದರೆ ಜೇಬು ಖಾಲಿ. ಸೋಪು, ಫೋನ್ ಕರೆನ್ಸಿ ಎಲ್ಲ ಆಮೇಲಿನ ಮಾತು. ವಕೀಲರ ಕಚೇರಿ ಒಂದು ಮೂಲೆ, ಇಂಗ್ಲಿಷ್ ಕ್ಲಾಸ್ ಇನ್ನೊಂದು ಮೂಲೆ, ಪರಿಚಯದವರು ಮತ್ತೆಲ್ಲೋ. 2013ರಲ್ಲಿ ಲಂಡನ್ನಿನಲ್ಲಿ ಶುರುವಾದ 'ದ ಬೈಕ್ ಪ್ರಾಜೆಕ್ಟ್' ಇಂಥವರಿಗೆ ಹಳೇ ಸೈಕಲ್ ಸರಿಮಾಡಿ, ಬೀಗ, ದೀಪ, ಹೆಲ್ಮೆಟ್ ಸಮೇತ ಕೊಡುತ್ತದೆ. ಸೈಕಲ್ ತುಳಿದೇ ಗೊತ್ತಿಲ್ಲದ ಹೆಂಗಸರಿಗೆ ಕಲಿಸುವ ವ್ಯವಸ್ಥೆಯೂ ಇದೆ. ಕೈಯಲ್ಲಿ ಸೈಕಲ್ ಬಂದರೆ ಏನಾಗುತ್ತದೆ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2006-07ರಿಂದ ಕರ್ನಾಟಕದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿದಾಗ, ಹೈಸ್ಕೂಲು ದೂರ ಅಂತ ಮನೆಯಲ್ಲೇ ಕೂರಬೇಕಿದ್ದ ಹುಡುಗಿಯರು ಸಾಲುಸಾಲಾಗಿ ಹೊರಟಿದ್ದನ್ನು ನಾವೇ ನೋಡಿದ್ದೇವೆ.

ಸೈಕಲ್ ಸರಿ, ಹೊಟ್ಟೆಗಿಲ್ಲದವನಿಗೆ ನಾಟಕ ಯಾಕೆ ಅನ್ನುವವರಿದ್ದಾರೆ. 1990ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ಒಬ್ಬ ಮಂತ್ರಿಯ ಮಾತು ಅಂತ ಒಂದು ಮಾತು ಬಹಳ ಓಡಾಡಿತು. ಮನೆಯಿಲ್ಲದವರು ಅಂದರೆ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮುಗಿಸಿ ಹೊರಬರುವಾಗ ನಾವು ದಾಟಿಕೊಂಡು ಹೋಗುವ ಜನ ಅಲ್ಲವೇ, ಅಂದರಂತೆ. ಅದಕ್ಕೆ ಉತ್ತರವೋ ಎಂಬಂತೆ 2002ರಲ್ಲಿ 'ಸ್ಟ್ರೀಟ್‌ವೈಸ್ ಆಪೆರಾ' ಬಂತು. ಬಾಗಿಲಾಚೆ ಮಲಗಿದ್ದವರೇ ವೇದಿಕೆ ಹತ್ತಿ ಹಾಡಿದರು. ಅದಕ್ಕೂ ಮುಂಚೆ, 1991ರಲ್ಲಿ, 'ಕಾರ್ಡ್‌ಬೋರ್ಡ್ ಸಿಟಿಜನ್ಸ್' ತಂಡ ಮನೆಯಿಲ್ಲದವರನ್ನೇ ನಟರನ್ನಾಗಿಸಿ ನಾಟಕ ಶುರು ಮಾಡಿತ್ತು. ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೋಲ್ ಹಾಕಿಕೊಟ್ಟ ದಾರಿ ಅದು. ನಾಟಕ ಕೆಟ್ಟ ಕೊನೆಗೆ ಬಂದಾಗ ಪ್ರೇಕ್ಷಕರಲ್ಲಿ ಒಬ್ಬರು 'ನಿಲ್ಲಿಸಿ' ಅನ್ನಬಹುದು. ಮೇಲೆ ಬಂದು, ಪಾತ್ರದ ಜಾಗದಲ್ಲಿ ನಿಂತು, ಬೇರೆ ಥರ ಮಾಡಿ ತೋರಿಸಬಹುದು. ಮನೆ ಖಾಲಿ ಮಾಡು ಅನ್ನುವ ಮಾಲೀಕನಿಗೆ ಏನು ಉತ್ತರ ಕೊಡಬೇಕು ಅನ್ನುವುದನ್ನು ಅಲ್ಲಿ ಹೆದರಿಕೆಯಿಲ್ಲದೆ ಪ್ರಾಕ್ಟೀಸ್ ಮಾಡಬಹುದು.

ನಮ್ಮ ಕಡೆ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಮೈಸೂರು ಜೈಲಿನಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ. ಜೀವಾವಧಿ ಶಿಕ್ಷೆಯವರು ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಕ್ಕೆ ಬಂದು, ಮಾತು ತಪ್ಪದೆ ನಾಟಕ ಆಡಿ, ವಾಪಸ್ ಜೈಲಿಗೆ ಹೋದರು. ಅವರನ್ನು ನಂಬಿ ಹೊರಗೆ ಕರೆತಂದದ್ದೇ ನನ್ನ ಲೆಕ್ಕದಲ್ಲಿ ದೊಡ್ಡ ಸಂಗತಿ.

ಕೆಲಸ ಸಿಗುತ್ತದಾ? ಕೆಲವರಿಗೆ ಸಿಗುತ್ತದೆ. ಇಂಗ್ಲೆಂಡಿನ ಆನ್ಲಿ ಜೈಲಿನಲ್ಲಿ ಹಾಲ್ಫರ್ಡ್ಸ್ ಕಂಪನಿ ಕೈದಿಗಳಿಗೆ ಸೈಕಲ್ ಮೆಕ್ಯಾನಿಕ್ ತರಬೇತಿ ಕೊಟ್ಟು, ಬಿಡುಗಡೆಯಾದವರನ್ನು ತನ್ನ ಅಂಗಡಿಗಳಲ್ಲಿ ಕೆಲಸಕ್ಕೆ ತೆಗೆದುಕೊಂಡಿದೆ. ಆದರೆ ಎಲ್ಲವನ್ನೂ ಸಂಬಳದಿಂದಲೇ ಅಳೆಯಬೇಕಿಲ್ಲ. ಒಂಟಿತನಕ್ಕೆ ಮಾತ್ರೆ ಇಲ್ಲ ಅಂತ ಗೊತ್ತಿದ್ದೇ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ರೋಗಿಗಳನ್ನು ಹಾಡಿನ ಗುಂಪಿಗೆ, ತೋಟದ ಕೆಲಸಕ್ಕೆ, ಇಂಥ ಶೆಡ್ಡುಗಳಿಗೆ ಜೋಡಿಸುವ ಸಿಬ್ಬಂದಿಯನ್ನು 2019ರಿಂದ ದೊಡ್ಡ ಮಟ್ಟದಲ್ಲಿ ನೇಮಿಸುತ್ತಾ ಬಂದಿದೆ. ಖರ್ಚಾದರೂ ಎಷ್ಟು? ಬ್ರಿಸ್ಟಲ್ಲಿನವರು ಸರಿಮಾಡಿದ ಸೈಕಲ್ಲುಗಳನ್ನು ಅಂಗಡಿಯಲ್ಲಿ ಮಾರಿ, ಊರಿನವರ ಸೈಕಲ್ ಸರ್ವಿಸ್ ಮಾಡಿ, ಆ ದುಡ್ಡನ್ನು ಇದಕ್ಕೇ ಹಾಕುತ್ತಾರೆ. ಕಸಕ್ಕೆ ಹೋಗಬೇಕಿದ್ದ ವಸ್ತುವಿನಿಂದ ಇಷ್ಟು ಹೊರಡುತ್ತಿರುವಾಗ ಬೇಡ ಅನ್ನಲು ಗಟ್ಟಿ ಕಾರಣ ಬೇಕು.

ವಿರೋಧ: ಸರಿಹೋಗಬೇಕಾದ್ದು ಬಂದವರಲ್ಲ

ಗಟ್ಟಿ ಕಾರಣ ಕೇಳಿದಿರಿ, ಕೊಡುತ್ತೇನೆ.

ತನ್ನೂರಿನಲ್ಲಿ ಸ್ವಂತ ಗ್ಯಾರೇಜ್ ನಡೆಸುತ್ತಿದ್ದವನೊಬ್ಬ ಆಶ್ರಯ ಕೇಳಿ ಬ್ರಿಟನ್ನಿಗೆ ಬರುತ್ತಾನೆ ಅಂದುಕೊಳ್ಳಿ. ಅರ್ಜಿ ತೀರ್ಮಾನ ಆಗುವವರೆಗೆ ಅವನು ಕೂಲಿಗೆ ದುಡಿಯುವಂತಿಲ್ಲ. ಅರ್ಜಿ ಹಾಕಿ 12 ತಿಂಗಳಾದರೂ ಉತ್ತರ ಬಾರದಿದ್ದರೆ, ಅದೂ ಅವನ ತಪ್ಪಿನಿಂದ ತಡವಾಗಿಲ್ಲ ಅಂತಾದರೆ, ಕೆಲಸಕ್ಕೆ ಅನುಮತಿ ಕೇಳಬಹುದು. ಆಗಲೂ ಸರ್ಕಾರ ಪಟ್ಟಿ ಮಾಡಿದ ಕೆಲಸಗಳಿಗೆ ಮಾತ್ರ. ಅವನು ಸೈಕಲ್ ಶೆಡ್ಡಿಗೆ ಬಂದು ಬಿಟ್ಟಿಯಾಗಿ ಹತ್ತು ಸೈಕಲ್ ಸರಿ ಮಾಡಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹೊರಗೆ ಬಂದು ಒಂದೇ ಒಂದು ಸೈಕಲ್ಲಿಗೆ ದುಡ್ಡು ತೆಗೆದುಕೊಂಡರೆ ಕಾನೂನು ಮುರಿದ ಹಾಗೆ. ಇಂಥವನಿಗೆ ಪಂಕ್ಚರ್ ಹಾಕುವುದನ್ನು ಕಲಿಸಿ, ಆತ್ಮವಿಶ್ವಾಸ ಬೆಳೆಸಿದೆವು ಅಂತ ವರದಿ ಬರೆಯುವುದು ಎಂಥ ತಮಾಷೆ! ಅವನಿಗೆ ಆತ್ಮವಿಶ್ವಾಸ ಕಮ್ಮಿ ಇರಲಿಲ್ಲ. ಕೈ ಕಟ್ಟಿ ಕೂರಿಸಿದ್ದರು, ಅಷ್ಟೇ.

ವಾರಕ್ಕೆ 8.86 ಪೌಂಡಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಅದನ್ನು ಓದಿದವರಿಗೆ ಮೊದಲು ಹೊಳೆಯಬೇಕಾದ್ದು ಸೈಕಲ್ ಅಲ್ಲ. ಆ ಮೊತ್ತ ಇಷ್ಟು ಕಮ್ಮಿ ಯಾಕಿದೆ, ಯಾರು ಗೊತ್ತು ಮಾಡಿದರು ಅನ್ನುವ ಪ್ರಶ್ನೆ. ದಾನದ ಸೈಕಲ್ ಬಂದ ಮೇಲೆ ಆ ಪ್ರಶ್ನೆಯ ಬಿಸಿ ಆರುತ್ತದೆ. ಮಂತ್ರಿಗಳಿಗೂ ಹಾಯಾಗುತ್ತದೆ.

ಇದು ಹೊಸ ಜಗಳವೇನಲ್ಲ. ಟೋನಿ ಬ್ಲೇರ್ ಸರ್ಕಾರ ಬಂದ ವರ್ಷವೇ, 1997ರ ಡಿಸೆಂಬರಿನಲ್ಲಿ, ಸಮಾಜದಿಂದ ಹೊರಗುಳಿದವರಿಗಾಗಿಯೇ ಒಂದು ಸರ್ಕಾರಿ ಘಟಕ ಶುರುವಾಯಿತು. ಅದೇ ವರ್ಷ ಫ್ರಾಂಸ್ವಾ ಮಾಟರಾಸೊ ಎಂಬ ಸಂಶೋಧಕ ಒಂದು ವರದಿ ಬರೆದು, ಕಲೆಯಲ್ಲಿ ಪಾಲ್ಗೊಂಡರೆ ಆಗುವ ಸಾಮಾಜಿಕ ಪರಿಣಾಮಗಳನ್ನು ಪಟ್ಟಿ ಮಾಡಿದರು. ಒಟ್ಟು 50! ಅನುದಾನ ಕೇಳುವವರಿಗೆ ಅದು ಬಹಳ ಉಪಯೋಗಕ್ಕೆ ಬಂತು. 2002ರಲ್ಲಿ ಪಾವೊಲಾ ಮೆರ್ಲಿ ಎಂಬ ಸಂಶೋಧಕಿ ಆ ವರದಿಯ ವಿಧಾನವನ್ನೇ ಹಿಡಿದು ಜಾಲಾಡಿದರು. ಪ್ರಶ್ನಾವಳಿಯಲ್ಲಿ ಜನ ಖುಷಿಯಾಯಿತು ಅಂದದ್ದರಿಂದ ಅವರ ಬದುಕು ಬದಲಾಯಿತು ಅಂತ ಹೇಳಲು ಬರುವುದಿಲ್ಲ ಅನ್ನುವುದು ಒಂದು. ಇನ್ನೊಂದು ಹೆಚ್ಚು ಚುಚ್ಚುವ ಮಾತು: ಬಡತನದ ಸ್ಥಿತಿಯನ್ನು ಬದಲಿಸುವ ಬದಲು, ಅದನ್ನು ಜನ ಸಹಿಸಿಕೊಳ್ಳುವಂತೆ ಮಾಡಲು ಕಲೆಯನ್ನು ಬಳಸುತ್ತಿದ್ದೀರಿ ಅಂದರು ಅವರು. ನನಗೆ ಇವತ್ತಿಗೂ ಆ ಮಾತಿಗೆ ಒಳ್ಳೆಯ ಉತ್ತರ ಸಿಕ್ಕಿಲ್ಲ.

ಯಾಕೆಂದರೆ ಆ ಸ್ಥಿತಿ ಯಾವುದರಿಂದ ಆಗಿದೆ ಅನ್ನುವುದು ಗುಟ್ಟೇನಲ್ಲ. ಬಡವರ ಬಾಡಿಗೆಗೆ ಸರ್ಕಾರ ಕೊಡುವ ಭತ್ಯೆಯ ದರವನ್ನು 2020ರಿಂದ 2024ರವರೆಗೆ ಏರಿಸಲೇ ಇಲ್ಲ. ಬಾಡಿಗೆ ಮಾತ್ರ ಏರುತ್ತಲೇ ಹೋಯಿತು. 2023ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ತಾತ್ಕಾಲಿಕ ವಸತಿಯಲ್ಲಿದ್ದ ಕುಟುಂಬಗಳು 1 ಲಕ್ಷ ದಾಟಿದವು. ಒಂದೇ ರೂಮಿನಲ್ಲಿ ಮಕ್ಕಳು ಮರಿ ಜೊತೆ ಇರುವವರು ಸೈಕಲ್ಲನ್ನು ಎಲ್ಲಿ ನಿಲ್ಲಿಸಬೇಕು? ಆಶ್ರಯ ಕೇಳಿದವರ ಕಥೆ ಇನ್ನೂ ಅತಂತ್ರ. ಎಲ್ಲಿರಬೇಕು ಅನ್ನುವುದು ಅವರ ಕೈಯಲ್ಲಿಲ್ಲ. ಗೃಹ ಇಲಾಖೆ ಇನ್ನೊಂದು ಊರಿಗೆ ಹೊರಡಿ ಅಂದರೆ ಹೊರಡಬೇಕು. ಅಷ್ಟು ದಿನ ಕಟ್ಟಿದ ಗೆಳೆತನ, ತಂಡದ ನಾಟಕ, ಅರ್ಧ ಬಿಚ್ಚಿಟ್ಟ ಸೈಕಲ್ ಎಲ್ಲ ಅಲ್ಲೇ.

ಕೆಲಸದ ಮಾತು ಬಂತು. 2020ರ ಕೊರೊನಾ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ಲಿಗೆ ಎಂಥ ಬೇಡಿಕೆ ಅಂದರೆ, ರಿಪೇರಿಗೆಂದೇ ಸರ್ಕಾರ 50 ಪೌಂಡಿನ ವೋಚರ್ ಹಂಚಿತು. ಆಗ ಎಲ್ಲರೂ ಮೆಕ್ಯಾನಿಕ್ ತರಬೇತಿಯ ಮಾತಾಡಿದರು. ಆಮೇಲೆ ಮಾರಾಟ ಬಿತ್ತು. 2023ರಲ್ಲಿ ವಿಗಲ್‌ನಂಥ ದೊಡ್ಡ ಸೈಕಲ್ ಕಂಪನಿಯೇ ದಿವಾಳಿಯ ಪ್ರಕ್ರಿಯೆಗೆ ಹೋಯಿತು. ಅಂಗಡಿಯವರು ಸೈಟೆಕ್ ಅನ್ನುವ ವೃತ್ತಿ ಸರ್ಟಿಫಿಕೇಟಿಗೆ ಬೆಲೆ ಕೊಡುತ್ತಾರೆ. ಶೆಡ್ಡಿನಲ್ಲಿ ಆರು ಸಂಜೆ ಕಳೆದದ್ದು ಅದಕ್ಕೆ ಸಮವಲ್ಲ. ಆನ್ಲಿ ಜೈಲಿನ ಉದಾಹರಣೆ ಗೆದ್ದದ್ದು ಅಲ್ಲಿ ಕೊನೆಗೆ ಸಂಬಳದ ಕೆಲಸ ಕಾದಿತ್ತು ಅನ್ನುವ ಕಾರಣಕ್ಕೆ. ಅಂದರೆ ಅದು ನನ್ನ ವಾದಕ್ಕೇ ಸಾಕ್ಷಿ.

ಕಲೆಯ ವಿಷಯದಲ್ಲಿ ನನಗೆ ಇನ್ನೊಂದು ಕಸಿವಿಸಿ ಇದೆ. ವೇದಿಕೆಯ ಮೇಲೆ ಮನೆಯಿಲ್ಲದವನು ಹೇಳುವುದು ಹೆಚ್ಚಿನ ಸಲ ಅವನ ಕಷ್ಟದ ಕಥೆಯನ್ನೇ. ಕಚೇರಿಯಲ್ಲಿ ಹೇಳಿ ಸಾಕಾದ ಕಥೆ, ಈಗ ಬೆಳಕಿನಲ್ಲಿ, ಟಿಕೆಟ್ ಕೊಂಡವರ ಮುಂದೆ. ಅವನ ಫೋಟೋ ಸಂಸ್ಥೆಯ ವಾರ್ಷಿಕ ವರದಿಗೆ ಹೋಗುತ್ತದೆ. ನಾಟಕ ಕಲಿಸಿದವರಿಗೆ ಸಂಭಾವನೆ ಉಂಟು, ಲೈಟಿನವರಿಗೆ ಉಂಟು. ಆಡಿದವನಿಗೆ ಬಹಳ ಕಡೆ ಬಸ್ ಚಾರ್ಜು, ಸ್ಯಾಂಡ್‌ವಿಚ್. ಅಗಸ್ಟೊ ಬೋಲ್ ಅಂಥ ನಾಟಕವನ್ನು ಅಲ್ಲಿಗೇ ಬಿಟ್ಟಿರಲಿಲ್ಲ ಅನ್ನುವುದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ರಿಯೊ ನಗರಸಭೆಗೆ ಆರಿಸಿಬಂದು, ವೇದಿಕೆಯ ಮೇಲೆ ಜನ ಕೊಟ್ಟ ಸಲಹೆಗಳಿಂದ ಕಾನೂನುಗಳನ್ನೇ ಮಾಡಿಸಿದವರು ಅವರು. ಅಷ್ಟು ದೂರ ಹೋಗುವುದಾದರೆ ನನ್ನ ವಿರೋಧವಿಲ್ಲ.

ಬ್ರಿಸ್ಟಲ್ಲಿನ ಕಥೆಗೂ ಇನ್ನೊಂದು ಮುಖ ಇದೆ. ಬೈಕ್ ಪ್ರಾಜೆಕ್ಟ್ ಬೆಳೆದ ಸ್ಟೋಕ್ಸ್ ಕ್ರಾಫ್ಟ್ ಪ್ರದೇಶ ಗೋಡೆಚಿತ್ರಗಳಿಗೆ ಹೆಸರುವಾಸಿ. ಚಿತ್ರ ನೋಡಲು ಜನ ಬಂದರು, ಕೆಫೆ ಬಂದವು, ಬಾಡಿಗೆ ಏರಿತು. ಅಲ್ಲಿನ ಹ್ಯಾಮಿಲ್ಟನ್ ಹೌಸಿನಲ್ಲಿ ಕಲಾವಿದರಿಗೆ, ಸಣ್ಣ ಗುಂಪುಗಳಿಗೆ ಜಾಗ ಕೊಡುತ್ತಿದ್ದ 'ಕೋಎಕ್ಸಿಸ್ಟ್' ಸಂಸ್ಥೆಯೇ 2018ರಲ್ಲಿ ಕಟ್ಟಡ ಬಿಡಬೇಕಾಯಿತು. ಬೀದಿಗೆ ಬಣ್ಣ ಬಳಿದವರಿಗೇ ಆ ಬೀದಿ ದುಬಾರಿ ಆಯಿತು.

ಶೆಡ್ಡು ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಊರಿನ ಜನ ತಮ್ಮ ಖುಷಿಗೆ ನಡೆಸಲಿ, ಹಾಡಲಿ, ಚಿತ್ರ ಬರೆಯಲಿ. ಆದರೆ ಹೊರಗುಳಿದವರನ್ನು ಒಳಗೆ ತರುವ ಯೋಜನೆ ಅಂತ ಸರ್ಕಾರ ಇದಕ್ಕೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುವುದು ಬೇಡ. ದುಡ್ಡು ಇದ್ದರೆ ಬಾಡಿಗೆ ಭತ್ಯೆಗೆ ಹಾಕಲಿ. ದುಡ್ಡೇ ಇಲ್ಲ ಅಂದರೆ, ದುಡ್ಡು ಬೇಡದ ಕೆಲಸವೂ ಒಂದಿದೆ. ಆಶ್ರಯ ಕೇಳಿದವರಿಗೆ ಆರು ತಿಂಗಳ ನಂತರ ದುಡಿಯಲು ಬಿಡಿ ಅಂತ 'ಲಿಫ್ಟ್ ದ ಬ್ಯಾನ್' ಒಕ್ಕೂಟ 2018ರಿಂದ ಕೇಳುತ್ತಿದೆ. ಅದಕ್ಕೆ ಬೇಕಾದ್ದು ನಿಯಮದಲ್ಲಿ ಒಂದು ತಿದ್ದುಪಡಿ. ಆಗ ಗ್ಯಾರೇಜಿನವನು ತಾನೇ ಅಂಗಡಿ ಹುಡುಕಿಕೊಳ್ಳುತ್ತಾನೆ, ತೆರಿಗೆಯನ್ನೂ ಕಟ್ಟುತ್ತಾನೆ.