ಮುಚ್ಚುವುದಾದರೆ ಮುಚ್ಚಿ, ಸುಳ್ಳು ಬಿಡಿಸಬೇಡಿ

ಟೀವಿಯ ಅನಿಮೆಗೆ, ಅಂದರೆ ಜಪಾನಿನ ಕಾರ್ಟೂನು ಸರಣಿಗಳಿಗೆ, ಕತ್ತರಿಯೇ ಹಾಕಬಾರದು ಅನ್ನುವವರ ಪಕ್ಷ ನನ್ನದಲ್ಲ. ಸಂಜೆ ಹೊತ್ತು ಮನೆಮಂದಿಯೆಲ್ಲ ಕೂತು ನೋಡುವಾಗ ರಕ್ತ ಚಿಮ್ಮುವುದು ಬೇಡ ಅಂದರೆ ಬೇಡ, ಸರಿ. ನನ್ನ ತಕರಾರು ಕತ್ತರಿಯ ಮೇಲಲ್ಲ, ಕುಂಚದ ಮೇಲೆ. ಇದ್ದದ್ದನ್ನು ಮುಚ್ಚುವುದು ಒಂದು. ಇಲ್ಲದ್ದನ್ನು ಬಿಡಿಸಿ ತಂದು ಅಂಟಿಸಿ, ಮೊದಲಿನಿಂದಲೂ ಹೀಗೇ ಇತ್ತು ಅನ್ನುವುದು ಬೇರೆಯೇ.

ಯಾರೂ ಜಗಳವಾಡಬಾರದ ಒಂದು ಸೆನ್ಸಾರ್ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು, ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲದಂತೆ ಪರದೆ ತುಂಬ ಮಿಂಚಿದವು. ಸುಮಾರು 685 ಮಂದಿ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಸರಣಿ ನಾಲ್ಕು ತಿಂಗಳು ನಿಂತಿತು. ಮರುವರ್ಷ ಏಪ್ರಿಲ್‌ನಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಮತ್ತು ಖಾಸಗಿ ಚಾನೆಲ್‌ಗಳ ಒಕ್ಕೂಟ ಸೇರಿ ನಿಯಮ ಮಾಡಿದವು: ಬೆಳಕಿನ ಮಿಂಚು ಸೆಕೆಂಡಿಗೆ 3 ಸಲ ಮೀರಬಾರದು, ಕೆಂಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಪಟ್ಟೆ ಅಥವಾ ಸುರುಳಿ ವಿನ್ಯಾಸ ಪರದೆಯ ಬಹುಭಾಗ ತುಂಬಬಾರದು. (ಆ ಮಿಂಚು ಹೊಡೆದದ್ದು ಸರಣಿಯ ಮುಖ್ಯ ಪೋಕೆಮಾನ್ ಪಿಕಾಚು. ಆದರೆ ಸರಣಿಯಿಂದ ಆಚೆಗೆ ಹೋದದ್ದು ಪಾಪ ಅದೇ ಕಂತಿನ ಇನ್ನೊಂದು ಪೋಕೆಮಾನ್ ಪೋರಿಗಾನ್.)

ಈ ನಿಯಮ ಪಾಲಿಸುವುದಕ್ಕೆ ಎರಡು ಉಪಾಯಗಳಿವೆ. ಮಿಂಚುವ ಶಾಟ್‌ನ ಹೊಳಪನ್ನೇ ಇಳಿಸುವುದು ಒಂದು. ಹಿಂದಿನ ಫ್ರೇಮನ್ನು ಮುಂದಿನ ಫ್ರೇಮಿನೊಂದಿಗೆ ಬೆರೆಸಿ ಬೆಳಕಿನ ಏರಿಳಿತವನ್ನು ಮೆತ್ತಗೆ ಮಾಡುವುದು ಇನ್ನೊಂದು. ಟೀವಿ ಪ್ರತಿಯಲ್ಲಿ ದೊಡ್ಡ ಹೊಡೆದಾಟ ಶುರುವಾದ ಕೂಡಲೇ ಚಿತ್ರ ಮಸಿ ಹಿಡಿದ ಗಾಜಿನ ಆಚೆ ನಡೆದಂತೆ ಕಾಣುವುದು, ಕತ್ತಿ ಬೀಸಿದಾಗ ಒಂದರ ಜಾಗದಲ್ಲಿ ಎರಡು ಕಾಣುವುದು ಇದರಿಂದಲೇ. ನಿಮ್ಮ ಟೀವಿ ಕೆಟ್ಟಿಲ್ಲ, ಆನಿಮೇಟರ್ ಸೋಮಾರಿಯೂ ಅಲ್ಲ. ಅದೇ ಶಾಟ್ ಮಾರಾಟದ ಬ್ಲೂ-ರೇ ಡಿಸ್ಕಿನಲ್ಲಿ ಬಹುತೇಕ ಪೂರ್ತಿ ಹೊಳಪಿನೊಂದಿಗೆ ಸಿಗುತ್ತದೆ.

ಎರಡನೆಯ ಬಗೆಯ ಸೆನ್ಸಾರ್ ಜಪಾನಿನ ಮಧ್ಯರಾತ್ರಿಯ ಅನಿಮೆಗಳದ್ದು. ಬಚ್ಚಲುಮನೆಯ ದೃಶ್ಯದಲ್ಲಿ ಎಲ್ಲಿಂದಲೋ ಬಂದು ಬೀಳುವ ಬಿಳಿ ಬೆಳಕು, ಬೇಕಾದ ಜಾಗದಲ್ಲೇ ಕವಿಯುವ ಹಬೆ, ರಕ್ತದ ಮೇಲೆ ಕಪ್ಪು ತೇಪೆ. 2014ರ ಟೆರ್ರಾ ಫಾರ್ಮಾರ್ಸ್ ಸರಣಿಯಲ್ಲಿ ಕೆಲವು ಸಲ ಅರ್ಧ ಪರದೆಯೇ ಕಪ್ಪು. ಅದೇ ವರ್ಷದ ಜೋಜೋ ಸರಣಿಯಲ್ಲಿ ನಾಯಕ ಜೋತಾರೋ ಸಿಗರೇಟು ಸೇದುವಾಗಲೆಲ್ಲ ಅವನ ಬಾಯಿಯ ಮೇಲೆ ಕಾಡಿಗೆ ಬಳಿದಂತೆ ನೆರಳು. ಅವನಿಗೆ 17, ಜಪಾನಿನಲ್ಲಿ ಸಿಗರೇಟಿಗೆ 20 ಆಗಿರಬೇಕು. ನೋಡಲು ಕೆಟ್ಟದಾಗಿದೆ, ನಗುವೂ ಬರುತ್ತದೆ. ಆದರೂ ನನಗೆ ಇದು ಒಪ್ಪಿಗೆ, ಯಾಕೆಂದರೆ ಆ ನೆರಳು 'ಇಲ್ಲಿ ಏನೋ ಇದೆ, ನಿಮಗೆ ತೋರಿಸುತ್ತಿಲ್ಲ' ಎಂದು ಒಪ್ಪಿಕೊಳ್ಳುತ್ತದೆ. ಇದರ ಹಿಂದೆ ವ್ಯಾಪಾರವೂ ಉಂಟು. ಬೆಳಕು, ಹಬೆಗಳು ಬೇರೆ ಪದರದಲ್ಲಿರುತ್ತವೆ. ಪ್ರಸಾರದ ಪ್ರತಿಗೆ ಆ ಪದರ ಹಾಕುತ್ತಾರೆ, ಡಿಸ್ಕಿನ ಪ್ರತಿಗೆ ತೆಗೆಯುತ್ತಾರೆ. ಮುಚ್ಚಿದ್ದನ್ನು ತೆರೆದು ತೋರಿಸುವುದಕ್ಕೇ ದುಡ್ಡು.

ಇನ್ನು ಕುಂಚದ ವಿಷಯ. ಅಮೆರಿಕದಲ್ಲಿ ಶನಿವಾರ ಬೆಳಗಿನ ಮಕ್ಕಳ ಸಮಯಕ್ಕೆಂದು ಫೋರ್‌ಕಿಡ್ಸ್ ಕಂಪನಿ ಮಾಡಿದ ಆವೃತ್ತಿಗಳು ಇದಕ್ಕೆ ಪಠ್ಯಪುಸ್ತಕವಿದ್ದಂತೆ. ಕಡಲ್ಗಳ್ಳರ ಕತೆ ಒನ್ ಪೀಸ್‌ನಲ್ಲಿ ಸಾಂಜಿ ಎಂಬವನ ಸಿಗರೇಟು ಲಾಲಿಪಾಪ್ ಆಯಿತು. ಕಾರ್ಡಾಟದ ಸರಣಿ ಯು-ಗಿ-ಓದಲ್ಲಿ ಕೋಟು ತೊಟ್ಟ ಕಾವಲುಗಾರರ ಕೈಯ ಪಿಸ್ತೂಲು ಅಳಿಸಿ ಹೋಗಿ, ಅವರು ಬರೀ ಬೆರಳು ತೋರಿಸಿ ಹೆದರಿಸುವವರಾದರು. ಎದುರಿನವನು ಆ ಬೆರಳಿಗೆ ಯಾಕೆ ಹೆದರುತ್ತಾನೋ ದೇವರಿಗೇ ಗೊತ್ತು.

ಅಳಿಸುವುದೇನೂ ಸುಲಭದ ಕೆಲಸವಲ್ಲ. ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮು, ಆದರೆ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಮೂರು ಫ್ರೇಮು ನಿಲ್ಲಿಸುತ್ತಾರೆ. ಮೂರರ ಲೆಕ್ಕದಲ್ಲಿ 3 ಸೆಕೆಂಡಿನ ಪಿಸ್ತೂಲಿನ ಶಾಟ್ ಅಂದರೆ 24 ಚಿತ್ರಗಳ ತಿದ್ದುಪಡಿ. ಕೈಗೆ ಸಿಕ್ಕಿದ್ದು ಫಿಲ್ಮ್ ಅಲ್ಲ, ಪ್ರಸಾರದ ಟೇಪು ಅಂದರೆ ಫಜೀತಿ ಇನ್ನೂ ಹೆಚ್ಚು. ಅಲ್ಲಿ 24 ಫ್ರೇಮು 30 ಆಗಿರುತ್ತದೆ, ಪ್ರತಿ ಐದರಲ್ಲಿ ಎರಡು ಫ್ರೇಮು ಅಕ್ಕಪಕ್ಕದ ಚಿತ್ರಗಳ ಕಲಬೆರಕೆ. ಒಂದನ್ನು ಒರೆಸಿ ಕಲಬೆರಕೆಯದನ್ನು ಮರೆತರೆ ಪಿಸ್ತೂಲಿನ ದೆವ್ವ ಒಂದು ಕ್ಷಣ ಮಿಣುಕಿ ಮಾಯವಾಗುತ್ತದೆ. ಕ್ಯಾಮೆರಾ ಜರುಗುವ ಶಾಟ್ ಆದರೆ ಪಿಸ್ತೂಲಿನ ಹಿಂದೆ ಮರೆಯಾಗಿದ್ದ ಹಿನ್ನೆಲೆಯನ್ನೂ ಹೊಸದಾಗಿ ಬಿಡಿಸಬೇಕು.

ಶಾಟನ್ನೇ ಕಿತ್ತು ಹಾಕಿದರೆ ಬೇರೆ ತೊಂದರೆ. ಜಪಾನಿನ ಒಂದು ಕಂತು ಸುಮಾರು 24 ನಿಮಿಷ, ಅದರಲ್ಲಿ ಆರಂಭದ ಹಾಡು ಒಂದೂವರೆ, ಕೊನೆಯದು ಒಂದೂವರೆ. ನಡುವೆ 40 ಸೆಕೆಂಡು ಕತ್ತರಿಸಿದರೆ ಅದನ್ನು ತುಂಬಬೇಕು: ಇನ್ನೆಲ್ಲಿಯದೋ ಮುಖದ ಕ್ಲೋಸಪ್ಪು, ಹಿಂದಿನ ಕಂತಿನ ನೆನಪು, ನಿಂತ ಚಿತ್ರ. ಸಂಗೀತದ ಟ್ರ್ಯಾಕು ಮಾತಿನಿಂದ ಬೇರೆಯಾಗಿ ಸಿಗದಿದ್ದರೆ ಕತ್ತರಿಸಿದಲ್ಲೆಲ್ಲ ರಾಗ ತುಂಡಾಗುತ್ತದೆ. ಆಗ ಹಿನ್ನೆಲೆ ಸಂಗೀತವನ್ನೇ ಹೊಸದಾಗಿ ಹಾಕಿಬಿಡುವುದು. ಒನ್ ಪೀಸ್‌ನ ಮೊದಲ 143 ಕಂತು ಅಲ್ಲಿ 104 ಆದದ್ದು ಹೀಗೆ ಕಡಿದೂ ಹೊಲಿದೂ.

ಆದರೂ ಲಾಲಿಪಾಪ್ ಬರೀ ತಮಾಷೆ. ನಿಜವಾದ ಹಾನಿ ಮಾತಿನಲ್ಲಿದೆ. ಒನ್ ಪೀಸ್‌ನ ಖಡ್ಗಧಾರಿ ಜೋರೋನ ಬಾಲ್ಯದ ಗೆಳತಿ ಕುಯಿನಾ ಮೂಲದಲ್ಲಿ ಸಾಯುತ್ತಾಳೆ. ಅವಳ ಬಿಳಿ ಕತ್ತಿ ಹೊತ್ತು, ಜಗತ್ತಿನ ಶ್ರೇಷ್ಠ ಖಡ್ಗಧಾರಿಯಾಗುತ್ತೇನೆ ಎಂದು ಸತ್ತವಳಿಗೆ ಕೊಟ್ಟ ಮಾತೇ ಅವನ ಬದುಕು. ಅಮೆರಿಕದ ಆವೃತ್ತಿಯಲ್ಲಿ ಅವಳು ಸಾಯುವುದಿಲ್ಲ, ಏಟು ತಿಂದು ಮುಂದೆ ಹೋರಾಡಲಾರದವಳಾಗುತ್ತಾಳೆ. ಹಾಗಿದ್ದರೆ ಇವನು ಒಮ್ಮೆ ಹೋಗಿ ಅವಳನ್ನು ನೋಡಿಕೊಂಡು ಬರಬಹುದಲ್ಲ? ಒಂದು ಪದ ಬದಲಾಯಿತು, ಒಬ್ಬ ಮನುಷ್ಯನ ಕಾರಣವೇ ಬಿದ್ದುಹೋಯಿತು. ಅದಕ್ಕಿಂತ ಮುಂಚೆ ಡ್ರ್ಯಾಗನ್ ಬಾಲ್ ಝಡ್‌ನಲ್ಲಿ ಸತ್ತವರನ್ನೆಲ್ಲ 'ಬೇರೆ ಆಯಾಮ'ಕ್ಕೆ ಕಳಿಸುತ್ತಿದ್ದರು. ಆದರೆ ಆ ಕತೆಯಲ್ಲಿ ಸತ್ತವರು ನಿಜವಾಗಿಯೂ ಪರಲೋಕಕ್ಕೆ ಹೋಗಿ ವಾಪಸು ಬರುತ್ತಾರೆ, ಹಾಗಾಗಿ ಅಲ್ಲಿ ಹೇಗೋ ನಡೆದುಹೋಯಿತು.

ಇಡೀ ಕಂತನ್ನೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪೋಕೆಮಾನ್‌ನ 35ನೇ ಕಂತು ಸಾಕು. ಸಫಾರಿ ವಲಯದ ಮುದುಕ ಬಂದೂಕು ಹಿಡಿದು ಎದುರಾಗುತ್ತಾನೆ ಎಂದು ಅಮೆರಿಕದಲ್ಲಿ ಅದನ್ನು ಹಾಕಲೇ ಇಲ್ಲ. ನಾಯಕ ಆ್ಯಶ್ ಗೂಳಿಯಂಥ 30 ಟಾರೋಸ್ ಪೋಕೆಮಾನ್‌ಗಳನ್ನು ಹಿಡಿಯುವುದು ಆ ಕಂತಿನಲ್ಲೇ. ಮುಂದೆ ಅವನ ಬಳಿ ಆ ಹಿಂಡು ಎಲ್ಲಿಂದ ಬಂತು ಎಂದು ನೋಡುಗರು ತಲೆ ಕೆರೆದುಕೊಂಡರು.

ಈ ಪಾಡು ನಮಗೂ ತಟ್ಟಿದೆ. 2003ರ ಹೊತ್ತಿಗೆ ಇಲ್ಲಿನ ಮಕ್ಕಳು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ನೋಡಿದ ಪೋಕೆಮಾನ್ ಜಪಾನಿನದಲ್ಲ, ಆ ಅಮೆರಿಕದ ಆವೃತ್ತಿಯೇ. ಆ್ಯಶ್‌ನ ಜೊತೆಗಾರ ಬ್ರಾಕ್ ಕೈಯಲ್ಲಿ ಹಿಡಿದದ್ದು ಕಣ್ಣಿಗೆ ಕಾಣುವಂತೆ ಅನ್ನದ ಉಂಡೆ. ಮೊಸರನ್ನ ಕಲಸಿ ತುತ್ತು ಮಾಡಿಸಿಕೊಂಡು ಬೆಳೆದ ಊರಿನ ಮಕ್ಕಳಿಗೆ ಅದನ್ನು ವಿವರಿಸಬೇಕೇ ಇರಲಿಲ್ಲ. ಆದರೆ ಇಂಗ್ಲಿಷ್ ಡಬ್ಬಿಂಗಿನಲ್ಲಿ ಅದು ಜೆಲ್ಲಿ ಡೋನಟ್. ಅಮೆರಿಕದ ಮಗುವಿಗೆ ಅನ್ನ ಅರ್ಥವಾಗದು ಎಂದು ಮಾಡಿದ ತಿದ್ದುಪಡಿ, ಅನ್ನ ಉಣ್ಣುವವರ ಮನೆಗೆ ಹಾಗೆಯೇ ಬಂದು ಬಿತ್ತು.

ನಮ್ಮಲ್ಲಿ ಸಿನಿಮಾದಂತೆ ಟೀವಿ ಸರಣಿಗಳಿಗೆ ಮೊದಲೇ ಪ್ರಮಾಣಪತ್ರ ಬೇಕಿಲ್ಲ. ಕೇಬಲ್ ಟೀವಿ ನಿಯಮಗಳ ಕಾರ್ಯಕ್ರಮ ಸಂಹಿತೆ ಇಟ್ಟುಕೊಂಡು ಚಾನೆಲ್ಲೇ ಕತ್ತರಿ ಆಡಿಸಬೇಕು, ದೂರು ಬಂದರೆ ಸರ್ಕಾರ ಕೇಳುತ್ತದೆ. 2008ರಲ್ಲಿ ಶಿನ್‌ಚಾನ್ ನಿಂತದ್ದು, ಆಮೇಲೆ ಕತ್ತರಿ ಹಾಕಿಸಿಕೊಂಡು ಮರಳಿದ್ದು ಹಾಗೆ. ಶಿನ್‌ಚಾನ್ ಮೂಲದಲ್ಲಿ ದೊಡ್ಡವರ ಪತ್ರಿಕೆಯ ಕಾಮಿಕ್ಸು. ಐದು ವರ್ಷದ ಹುಡುಗ ಕಂಡ ಮಾತ್ರಕ್ಕೆ ಅದನ್ನು ಮಕ್ಕಳ ಚಾನೆಲ್ಲಿಗೆ ತಂದದ್ದೇ ಮೊದಲ ತಪ್ಪು. ರಾತ್ರಿ ಹತ್ತಕ್ಕೆ ಹಾಕಿದ್ದರೆ ಅರ್ಧಕ್ಕರ್ಧ ಕತ್ತರಿ ಬೇಕಿರಲಿಲ್ಲ.

ನೀವು ನೋಡುತ್ತಿರುವ ಕಂತಿಗೆ ಯಾರಾದರೂ ಕೈಯಾಡಿಸಿದ್ದಾರೆಯೇ ಅನ್ನುವ ಅನುಮಾನವಿದ್ದರೆ ಹಿನ್ನೆಲೆ ಸಂಗೀತಕ್ಕೆ ಕಿವಿ ಕೊಡಿ, ತಾಳ ನಡುವೆ ಎಡವುತ್ತದೆಯೇ? ಒಂದೇ ಕ್ಲೋಸಪ್ಪು ಎರಡು ಸಲ ಬಂತೇ? ಪಾತ್ರವೊಂದು ಕೈಯಲ್ಲಿ ಏನೂ ಇಲ್ಲದೆ ಏನನ್ನೋ ಹಿಡಿದಂತೆ ಬೆರಳು ಮಡಚಿದೆಯೇ? ಹಾಡುಗಳನ್ನು ಬಿಟ್ಟು ಕತೆ 20 ನಿಮಿಷಕ್ಕೂ ಕಡಿಮೆಯೇ? ಇಷ್ಟರಲ್ಲಿ ಎರಡಕ್ಕೆ ಹೌದು ಅನ್ನಿಸಿದರೆ ಮೂಲ ಜಪಾನೀ ಆವೃತ್ತಿಯನ್ನು ಸಬ್‌ಟೈಟಲ್‌ ಹಾಕಿಕೊಂಡು ಒಮ್ಮೆ ನೋಡಿ.